ಧಾರವಾಡದ ಕಲ್ಲು, ಕಿಲ್ಲಾರಿಯ ಗೋಡೆ

ಭೂವಿಜ್ಞಾನ ಓದುವ ವಿದ್ಯಾರ್ಥಿ ಯಾವ ದೇಶದವನೇ ಆಗಿರಲಿ, ಧಾರವಾಡದ ಹೆಸರನ್ನು ಒಮ್ಮೆಯಾದರೂ ಕೇಳಿರುತ್ತಾನೆ. ಪೇಡೆಯ ಕಾರಣಕ್ಕಲ್ಲ, ಸಂಗೀತದ ಕಾರಣಕ್ಕೂ ಅಲ್ಲ, ಕಲ್ಲಿನ ಕಾರಣಕ್ಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ಅವರು ಬೆಳಗಾವಿ, ಕಲಾದಗಿ, ಧಾರವಾಡದ ಸೀಮೆಯಲ್ಲೆಲ್ಲ ಅಲೆದಾಡಿ, ಆಗ ದಕ್ಷಿಣ ಮರಾಠಾ ಸೀಮೆ ಎಂದು ಬ್ರಿಟಿಷರು ಕರೆಯುತ್ತಿದ್ದ ಈ ಭಾಗದ ನೆಲದ ಬಗ್ಗೆ 1876ರಲ್ಲಿ ದೊಡ್ಡದೊಂದು ವರದಿ ಪ್ರಕಟಿಸಿದರು. ಮುಂದಿನ ದಶಕದಲ್ಲಿ ದಕ್ಷಿಣ ಭಾರತದ ಚಿನ್ನ ಸಿಗುವ ಹಳೆಯ ಪದರಗಲ್ಲುಗಳ ಸಮೂಹಕ್ಕೆ ಒಂದು ಹೆಸರು ಬೇಕಾದಾಗ ಅವರು ಇಟ್ಟದ್ದು ಧಾರವಾಡದ ಹೆಸರನ್ನೇ. ಕಾಲ ಕಳೆದಂತೆ ಆ ಹೆಸರು ಬೆಳೆಯಿತು. ಇವತ್ತು ಕರ್ನಾಟಕದ ಬಹುಭಾಗವನ್ನೂ ಅದರಾಚೆಗಿನ ಸಾಕಷ್ಟು ನೆಲವನ್ನೂ ಹೊತ್ತು ನಿಂತಿರುವ ಪುರಾತನ ಶಿಲಾಖಂಡಕ್ಕೆ ‘ಧಾರವಾಡ ಕ್ರೇಟಾನ್’ ಎನ್ನುತ್ತಾರೆ. ಅದರಲ್ಲಿ ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಕಲ್ಲುಗಳಿವೆ.

ಕ್ರೇಟಾನ್ ಎಂದರೆ ಭೂಮಿಯ ತೊಗಟೆಯ ಗಟ್ಟಿಯಾಗಿ ನೆಲೆನಿಂತ ಭಾಗ. ಅಂಚುಗಳಲ್ಲಿ ಭೂಫಲಕಗಳು ಡಿಕ್ಕಿ ಹೊಡೆದು ಪರ್ವತಗಳೇಳುತ್ತವೆ, ಜ್ವಾಲಾಮುಖಿಗಳು ಉಗುಳುತ್ತವೆ. ನಡುವಿನ ಇಂಥ ಖಂಡಗಳು ಸುಮ್ಮನಿರುತ್ತವೆ. ಶಾಲೆಯ ಪುಸ್ತಕಗಳು ನಮಗೆ ಕಲಿಸಿದ್ದೂ ಇದನ್ನೇ. ಭೂಕಂಪ ಎಂದರೆ ಹಿಮಾಲಯದ ಕಡೆಯ ಸಂಗತಿ, ಅಸ್ಸಾಮಿನ, ಬಿಹಾರದ, ಕ್ವೆಟ್ಟಾದ ಸಂಗತಿ. ದಖ್ಖನ್ ಗಟ್ಟಿ. ಗಂಡುಮೆಟ್ಟಿನ ನಾಡು ಎಂದು ಹುಬ್ಬಳ್ಳಿ-ಧಾರವಾಡದವರು ತಮ್ಮ ಸೀಮೆಯನ್ನು ಕರೆದುಕೊಳ್ಳುವಾಗ ಅವರ ಮನಸ್ಸಿನಲ್ಲಿ ಇರುವುದು ಜನರ ಕೆಚ್ಚು. ಆದರೆ ಕಾಲ ಕೆಳಗಿನ ನೆಲವೂ ಹಾಗೆಯೇ ಎಂಬ ನಂಬಿಕೆ ಅದರೊಳಗೆ ಸೇರಿಕೊಂಡಿದೆ.

ಈ ನಂಬಿಕೆಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ. ಬಿದ್ದ ಜಾಗ ಧಾರವಾಡದಿಂದ ನೇರ ಗೆರೆಯಲ್ಲಿ ಸುಮಾರು 330 ಕಿಲೋಮೀಟರ್ ದೂರದ ಕಿಲ್ಲಾರಿ.

ಕಿಲ್ಲಾರಿ ಇರುವುದು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಔಸಾ ತಾಲೂಕಿನಲ್ಲಿ. ಹೆಸರು ಕೇಳಿದರೆ ಪರರಾಜ್ಯ. ಆದರೆ ನಕ್ಷೆ ಬಿಚ್ಚಿದರೆ ನಮ್ಮ ಆಳಂದ ಅಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರ್, ಬಸವಕಲ್ಯಾಣವೂ ಹತ್ತಿರದ್ದೇ. 1956ರವರೆಗೆ ಲಾತೂರು, ಉಸ್ಮಾನಾಬಾದ್, ಬೀದರ್, ಗುಲ್ಬರ್ಗಾ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಉದಗೀರ, ನಿಲಂಗಾ ತಾಲೂಕುಗಳು ಬೀದರ್ ಜಿಲ್ಲೆಗೇ ಸೇರಿದ್ದವು. ಭಾಷಾವಾರು ಪ್ರಾಂತ್ಯದ ಗೆರೆ ಎಳೆದ ಮೇಲೂ ಬೀಗತನ ನಿಲ್ಲಲಿಲ್ಲ, ದನದ ಸಂತೆ ನಿಲ್ಲಲಿಲ್ಲ, ಮಠಗಳ ನಂಟು ನಿಲ್ಲಲಿಲ್ಲ. ಮನೆ ಕಟ್ಟುವ ರೀತಿಯಂತೂ ಗೆರೆಯ ಎರಡೂ ಕಡೆ ಒಂದೇ.

ಹಿಂದಿನ ದಿನ ಅನಂತ ಚತುರ್ದಶಿ. ಊರೂರಲ್ಲೂ ಗಣಪತಿಯನ್ನು ಕಳಿಸಿಕೊಟ್ಟು, ಕುಣಿದು ದಣಿದ ಜನ ತಡರಾತ್ರಿ ಮನೆ ಸೇರಿ ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ತೀವ್ರತೆ 6.2. ಮೂಲ ಹೆಚ್ಚು ಆಳದಲ್ಲಿರಲಿಲ್ಲ, ನೆಲದಿಂದ ಹತ್ತು ಕಿಲೋಮೀಟರಿನ ಒಳಗೇ ಇತ್ತು. ಕಿಲ್ಲಾರಿ, ಸಾಸ್ತೂರು, ಹೋಳಿ, ತಳಣಿ, ಮಂಗರೂಳ ಹೀಗೆ ಲಾತೂರು-ಉಸ್ಮಾನಾಬಾದ್ ಜಿಲ್ಲೆಗಳ ಐವತ್ತಕ್ಕೂ ಹೆಚ್ಚು ಹಳ್ಳಿಗಳು ನೆಲಸಮವಾದವು. ಸತ್ತವರ ಸಂಖ್ಯೆ ಒಂದೊಂದು ಲೆಕ್ಕದಲ್ಲಿ ಒಂದೊಂದು. ಸುಮಾರು 8,000ದಿಂದ 10,000ದವರೆಗೆ. ಪೂರ್ತಿ ಬಿದ್ದ ಮನೆಗಳು ಸುಮಾರು 30,000. ಹೈದರಾಬಾದು, ಪುಣೆ, ಮುಂಬಯಿಯವರೆಗೂ ಕಂಪನ ಮುಟ್ಟಿತು. ಗುಲ್ಬರ್ಗಾ, ಬೀದರ್ ಕಡೆ ಜನ ಕತ್ತಲಲ್ಲಿ ಬೀದಿಗೆ ಓಡಿ ಬಂದರು.

ದಖ್ಖನ್ನಿನ ನೆಲ ಹೀಗೆ ಏಕೆ ನಡುಗಿತು? ಕಾರಣ ಹುಡುಕಲು ಕಿಲ್ಲಾರಿಯಲ್ಲಿ ಕೊಳವೆ ಇಳಿಸಿದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕೊರೆದ ಆ ಬಾವಿ 617 ಮೀಟರ್ ಆಳಕ್ಕೆ ಹೋಯಿತು. ಮೊದಲ 338 ಮೀಟರ್ ಕಪ್ಪು ಬಸಾಲ್ಟ್, ಅಂದರೆ ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಅದರ ಕೆಳಗೆ ಕೆಲವೇ ಮೀಟರ್ ದಪ್ಪದ ಒಂದು ಹಳೆಯ ಮಣ್ಣಿನ ಪದರ. ಅದರಡಿ ಸಿಕ್ಕಿದ್ದು ನಮ್ಮ ಕಲ್ಲು, ಧಾರವಾಡ ಕ್ರೇಟಾನಿನ ಪೂರ್ವದ ಭಾಗ, ಲಾವಾದ ಕಂಬಳಿ ಹೊದ್ದು ಉತ್ತರಕ್ಕೆ ಚಾಚಿಕೊಂಡದ್ದು. ಗಟ್ಟಿತನಕ್ಕೆ ಹೆಸರಾದ ಆ ಕಲ್ಲಿನೊಳಗೇ ಬಿರುಕಿತ್ತು.

ವಿವರಣೆ ಹೀಗಿದೆ. ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಾ ಏಷ್ಯಾವನ್ನು ಒತ್ತುತ್ತಿದೆ. ಒತ್ತಿದ ಕಡೆ ಹಿಮಾಲಯ ಎದ್ದಿತು. ಆದರೆ ಒತ್ತಡ ಅಲ್ಲಿಗೇ ಮುಗಿಯುವುದಿಲ್ಲ. ಚಕ್ಕಡಿಯ ಎತ್ತು ಏರಿನಲ್ಲಿ ನಿಂತರೆ ಮೂಕಿಯಿಂದ ಹಿಂದಿನ ಅಚ್ಚಿನವರೆಗೂ ಬಿಗಿತ ಹರಿಯುವಂತೆ, ಆ ಒತ್ತಡ ಇಡೀ ಫಲಕದಲ್ಲಿ ಹರಡಿಕೊಂಡಿರುತ್ತದೆ. ಎಲ್ಲೋ ಒಳಗೆ ಹಳೆಯದೊಂದು ದುರ್ಬಲ ಜಾಗವಿದ್ದರೆ ಸಾವಿರಾರು ವರ್ಷ ಬಿಗಿ ತುಂಬಿಕೊಂಡು ಒಂದು ದಿನ ಜಾರುತ್ತದೆ. ಹಿಮಾಲಯದಲ್ಲಿ ಈ ಕಂತು ಬೇಗ ಬೇಗ ಬರುತ್ತದೆ. ದಖ್ಖನ್ನಿನಲ್ಲಿ ಬಹಳ ತಡವಾಗಿ ಬರುತ್ತದೆ. ತಡವಾಗಿ ಬರುವ ಸಾಲಗಾರನನ್ನು ನಾವು ಸಾಲವೇ ಇಲ್ಲವೆಂದು ತಿಳಿದುಕೊಂಡೆವು.

ಭೂಮಿಯ ಬಗ್ಗೆ ಇಷ್ಟು ಸಾಕು. ಮನುಷ್ಯರ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ.

ಕಿಲ್ಲಾರಿಯಾದ ಮೂರೂವರೆ ತಿಂಗಳಿಗೆ, 1994ರ ಜನವರಿ 17ರಂದು, ಅಮೆರಿಕದ ಲಾಸ್ ಏಂಜಲೀಸ್ ನಗರದ ನಾರ್ತ್‌ರಿಡ್ಜ್ ಭಾಗದಲ್ಲಿ ಭೂಕಂಪವಾಯಿತು. ಅದೂ ಬೆಳಗಿನ ಜಾವವೇ, ನಾಲ್ಕೂವರೆಗೆ. ಅದೂ ಜನ ಮಲಗಿದ್ದಾಗಲೇ. ತೀವ್ರತೆ 6.7, ಅಂದರೆ ಬಿಡುಗಡೆಯಾದ ಶಕ್ತಿ ಕಿಲ್ಲಾರಿಯ ಐದಾರು ಪಟ್ಟು. ಲಕ್ಷಾಂತರ ಜನ ಒತ್ತಾಗಿ ಬದುಕುವ ಮಹಾನಗರ. ಸತ್ತವರು ಅರವತ್ತರ ಆಸುಪಾಸು. ಇತ್ತ ಕಡಿಮೆ ಶಕ್ತಿಯ ಕಂಪನಕ್ಕೆ, ಚದುರಿದ ಹಳ್ಳಿಗಳಲ್ಲಿ, ನೂರು ಪಟ್ಟಿಗೂ ಹೆಚ್ಚು ಜನ ಸತ್ತರು. ಇಷ್ಟು ದೊಡ್ಡ ಅಂತರಕ್ಕೆ ನೆಲವೊಂದನ್ನೇ ದೂರುವಂತಿಲ್ಲ. ಕಿಲ್ಲಾರಿಯ ಜನರ ಮೇಲೆ ಬಿದ್ದದ್ದು ಅವರ ಮನೆ.

ಆ ಮನೆ ಎಂಥದ್ದು ಎಂದು ತಿಳಿಯಲು ಲಾತೂರಿಗೆ ಹೋಗಬೇಕಾಗಿಲ್ಲ. ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿ, ಅಮ್ಮಿನಭಾವಿ, ಗರಗ, ಹೆಬ್ಬಳ್ಳಿಯಂಥ ದೊಡ್ಡ ಊರುಗಳ ಹಳೆಯ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಎರಡು, ಎರಡೂವರೆ ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಒಳಗೆ ಮರದ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಜಂತಿ, ಹಲಗೆ. ಹಲಗೆಯ ಮೇಲೆ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಮಾಳಿಗೆಯ ಮೇಲೆ ಕಾಳು ಒಣಗಿಸಬಹುದು, ಬೇಸಿಗೆಯಲ್ಲಿ ಮಲಗಬಹುದು. ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು ನೋಡಿ ಹೊತ್ತು ಹೇಳಬಹುದು. ನಾಲ್ಕಾರು ತಲೆಮಾರು ಬಾಳಿದ ಈ ಮನೆಗಳನ್ನು ನೋಡಿ ಇವು ಗಟ್ಟಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಮರಾಠವಾಡದವರು ಇಂಥ ಮನೆಗೆ ‘ಮಾಳವದ’ ಎನ್ನುತ್ತಾರೆ. ಆ ಶಬ್ದ ಕೇಳಿದರೆ ನಮ್ಮ ಮಾಳಿಗೆಯೇ ನೆನಪಾಗುತ್ತದೆ.

ಭಾರವನ್ನು ಕೆಳಕ್ಕೆ ಇಳಿಸುವ ಕೆಲಸದಲ್ಲಿ ಈ ಗೋಡೆ ನಿಜಕ್ಕೂ ಗಟ್ಟಿ. ಭೂಕಂಪ ಕೇಳುವುದು ಬೇರೆ ಕೆಲಸ. ಅದು ಮನೆಯನ್ನು ಪಕ್ಕಕ್ಕೆ ಎಳೆಯುತ್ತದೆ, ಮರುಕ್ಷಣ ಇತ್ತ ಕಡೆ ಎಳೆಯುತ್ತದೆ. ಆಗ ಗೋಡೆಯ ಒಳಗುಟ್ಟು ಹೊರಬೀಳುತ್ತದೆ. ಹೊರಗಿನಿಂದ ಒಂದೇ ಎಂದು ಕಾಣುವ ಆ ದಪ್ಪ ಗೋಡೆ ನಿಜವಾಗಿ ಎರಡು ಗೋಡೆ. ಒಳಮುಖಕ್ಕೊಂದು ಸಾಲು ಕಲ್ಲು, ಹೊರಮುಖಕ್ಕೊಂದು ಸಾಲು, ನಡುವೆ ತುಂಬಿದ ಚೂರುಕಲ್ಲು ಮತ್ತು ಮಣ್ಣು. ಎರಡೂ ಮುಖಗಳನ್ನು ಹಿಡಿದಿಡಲು ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡ ಇಡಬೇಕು. ಅಂಥ ಕಲ್ಲು ಸಿಗುವುದು ಕಷ್ಟ, ಕಡಿಸುವುದು ತುಟ್ಟಿ. ನೆಲ ಅಲುಗದ ನಾಡಿನಲ್ಲಿ ಅದು ಇಲ್ಲದಿದ್ದರೂ ಗೋಡೆ ನಿಲ್ಲುತ್ತದೆ. ಹಾಗಾಗಿ ಅದು ಬಿಟ್ಟುಹೋಗುತ್ತದೆ. ಕಿಲ್ಲಾರಿಯಲ್ಲಿ ಆ ಕೆಲವು ಸೆಕೆಂಡುಗಳಲ್ಲಿ ಗೋಡೆಯ ಎರಡು ಮುಖಗಳು ಜೋಳದ ರೊಟ್ಟಿಯ ಪದರದಂತೆ ಬಿಟ್ಟುಕೊಂಡು, ಒಂದು ಒಳಕ್ಕೆ, ಒಂದು ಹೊರಕ್ಕೆ ಬಿದ್ದವು.

ಮೇಲಿನಿಂದ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವುದು ಈ ಕಡೆಯ ರೂಢಿ. ಸೋರಬಾರದೆಂದು ಅಜ್ಜ ಹಾಕಿದ, ಅಪ್ಪ ಹಾಕಿದ, ಮಗ ಹಾಕಿದ. ಹಳೆಯ ಮಣ್ಣು ತೆಗೆದವರು ಕಡಿಮೆ. ಹತ್ತು ಅಡಿಗೆ ಹತ್ತು ಅಡಿಯ ಒಂದು ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದರ ತೂಕ ನಾಲ್ಕು ಟನ್ನು ದಾಟುತ್ತದೆ. ಲಾತೂರಿನ ಮನೆಗಳಲ್ಲಿ ಎರಡು ಅಡಿ ದಪ್ಪದ ಮಾಳಿಗೆಗಳೂ ಇದ್ದವು. ವಿಚಿತ್ರವೆಂದರೆ ಎಷ್ಟೋ ಮನೆಗಳಲ್ಲಿ ಮರದ ಚೌಕಟ್ಟು ಬೀಳಲಿಲ್ಲ. ಕಂಬ, ತೊಲೆ, ಮಾಳಿಗೆ ಹಾಗೇ ನಿಂತವು. ಸುತ್ತಲಿನ ಕಲ್ಲಿನ ಗೋಡೆ ಕುಸಿದು ಮಲಗಿದವರನ್ನು ಮುಚ್ಚಿತು. ಬಡಿಗನ ಕೆಲಸ ಅಲುಗಾಟವನ್ನು ತಡೆದುಕೊಂಡಿತು, ಗೌಂಡಿಯ ಕೆಲಸ ತಡೆಯಲಿಲ್ಲ. ಇದರಲ್ಲಿ ಗೌಂಡಿಯ ತಪ್ಪೇನೂ ಇಲ್ಲ. ಅವನ ಅಪ್ಪನಿಗಾಗಲಿ ಅಜ್ಜನಿಗಾಗಲಿ ಗೋಡೆ ಹೀಗೆ ಬೀಳಬಹುದೆಂದು ಯಾವ ಭೂಕಂಪವೂ ಕಲಿಸಿರಲಿಲ್ಲ. ಭೂಕಂಪ ಪದೇ ಪದೇ ಆಗುವ ಕಾಶ್ಮೀರದಲ್ಲಿ, ಹಿಮಾಚಲದಲ್ಲಿ ಗೋಡೆಯ ನಡುವೆ ಅಡ್ಡ ಮರದ ತೊಲೆಗಳನ್ನು ಹಾಯಿಸಿ ಕಲ್ಲನ್ನು ಕಟ್ಟಿಹಾಕುವ ಪದ್ಧತಿ ಬೆಳೆದಿತ್ತು. ನಮ್ಮಲ್ಲಿ ಆ ಪಾಠ ಕಲಿಸುವ ಗುರುವೇ ಬಂದಿರಲಿಲ್ಲ. ಅಥವಾ ಬಂದು ಹೋಗಿ ಬಹಳ ಕಾಲವಾಗಿತ್ತು.

‘ಬಂದು ಹೋಗಿ’ ಎಂಬ ಮಾತನ್ನು ಸುಮ್ಮನೆ ಬರೆದದ್ದಲ್ಲ. ಕಿಲ್ಲಾರಿಯ ವಾಯವ್ಯಕ್ಕೆ ತೇರ ಎಂಬ ಊರಿದೆ. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ನಾವಿಕರ ಬರಹದಲ್ಲಿ ‘ತಗರ’ ಎಂದು ಬರುವ ಪೇಟೆ ಅದೇ. ಕನ್ನಡ ಶಾಸನಗಳನ್ನು ಓದಿದವರಿಗೆ ಶಿಲಾಹಾರ ಅರಸರು ತಮ್ಮನ್ನು ‘ತಗರಪುರವರಾಧೀಶ್ವರ’ ಎಂದು ಕರೆದುಕೊಂಡದ್ದು ಗೊತ್ತಿರುತ್ತದೆ. 1993ರ ನಂತರ ಅಲ್ಲಿನ ಹಳೆಯ ದಿಬ್ಬಗಳನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು, ಮಣ್ಣಿನ ಪದರಗಳಲ್ಲಿ ಕಂಡ ಬಾಗು-ಬಿರುಕುಗಳ ಆಧಾರದಿಂದ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಆ ಸೀಮೆಯಲ್ಲಿ ಬಲವಾದ ಕಂಪನವಾಗಿರಬಹುದೆಂದು ವಾದಿಸಿದರು. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ಒಂದು ಮಾತು ಮಾತ್ರ ಅದರಿಂದ ಸ್ಪಷ್ಟವಾಯಿತು. ಭೂಕಂಪಗಳು ಸಾವಿರಾರು ವರ್ಷಕ್ಕೊಮ್ಮೆ ಬರುವ ನೆಲವನ್ನು ನೂರೈವತ್ತು, ಇನ್ನೂರು ವರ್ಷಗಳ ಕಡತ ನೋಡಿ ಸುರಕ್ಷಿತ ಎಂದು ಕರೆಯಲಾಗದು.

ನಮ್ಮ ಕಡತವೂ ಅಷ್ಟೇ ಗಿಡ್ಡ. ಭಾರತದ ಭೂಕಂಪಗಳ ಮೊದಲ ವ್ಯವಸ್ಥಿತ ಪಟ್ಟಿಯನ್ನು ಮಾಡಿದವರು ಥಾಮಸ್ ಓಲ್ಡ್‌ಹ್ಯಾಮ್. ಅದು 1883ರಲ್ಲಿ ಅಚ್ಚಾಯಿತು. ಕನ್ನಡ ಸೀಮೆಯ ದಾಖಲಾದ ದೊಡ್ಡ ಕಂಪನ 1843ರ ಏಪ್ರಿಲ್ 1ರ ಬಳ್ಳಾರಿಯದು. ಅದಕ್ಕೆ ಹಿಂದಿನದೆಲ್ಲ ಕತ್ತಲೆ. ಕನ್ನಡನಾಡಿನಲ್ಲಿ ಶಾಸನಗಳಿಗೇನೂ ಕೊರತೆಯಿಲ್ಲ. ಕೆರೆ ಕಟ್ಟಿಸಿದ್ದು, ತುರು ಬಿಡಿಸುತ್ತ ಸತ್ತದ್ದು, ಗುಡಿಗೆ ಎಣ್ಣೆಯ ಗಾಣ ಬಿಟ್ಟದ್ದು, ಎಲ್ಲವನ್ನೂ ಕಲ್ಲಿನ ಮೇಲೆ ಬರೆಸಿದ ಜನ ನಾವು. ಆದರೆ ಜೀರ್ಣೋದ್ಧಾರ ಮಾಡಿಸಿದೆವೆಂದು ಹೇಳುವ ಶಾಸನ, ಗುಡಿ ಯಾಕೆ ಜೀರ್ಣವಾಯಿತೆಂದು ಸಾಮಾನ್ಯವಾಗಿ ಹೇಳುವುದಿಲ್ಲ. ಕಟ್ಟಿಸಿದವನ ಪುಣ್ಯ ಬರೆಯಬೇಕು, ಬಿದ್ದದ್ದರ ಕಾರಣ ಬರೆದು ಯಾರಿಗೆ ಪುಣ್ಯ?

ಜನರ ನೆನಪು ಕೂಡ ಮತ್ತೆ ಮತ್ತೆ ಬಂದದ್ದನ್ನೇ ಇಟ್ಟುಕೊಳ್ಳುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ಡೋಗಿ ಬರದ ಹೆಸರು ಈ ಸೀಮೆಯಲ್ಲಿ ಬಹುಕಾಲ ಉಳಿಯಿತು. ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದ ಬರ ಅದು. 1876ರ ಬರ ಉಳಿಯಿತು. ಹುಬ್ಬಳ್ಳಿ-ಧಾರವಾಡದವರಿಗೆ ಪ್ಲೇಗಿನ ವರ್ಷಗಳು, ಊರು ಬಿಟ್ಟು ಹೊರಗೆ ಜೋಪಡಿ ಹಾಕಿಕೊಂಡದ್ದು ಮನೆಮಾತಾಗಿ ಉಳಿಯಿತು. ಬರಕ್ಕೆ ಹೆದರಿದ ಜನ ಹಗೇವು ತೋಡಿ ಜೋಳ ತುಂಬಿಟ್ಟರು. ಮಳೆಗೆ ಹೆದರಿ ಮಾಳಿಗೆಗೆ ಮಣ್ಣು ಹಾಕಿದರು. ಕಳ್ಳರಿಗೆ, ದಂಡಿಗೆ ಹೆದರಿ ಗೋಡೆ ದಪ್ಪ ಕಟ್ಟಿದರು. ನಮ್ಮ ಮನೆಗಳು ನಮ್ಮ ಭಯಗಳ ದಾಖಲೆಗಳು. ಆ ದಾಖಲೆಯಲ್ಲಿ ಭೂಕಂಪದ ಹಾಳೆಯೇ ಇರಲಿಲ್ಲ.

ಸರಕಾರದ ಕಡತದಲ್ಲಿ ಆ ಹಾಳೆ ಸೇರಿದ್ದೂ ಹೆಣ ಬಿದ್ದ ಮೇಲೆಯೇ. ಭಾರತೀಯ ಮಾನಕ ಸಂಸ್ಥೆ ದೇಶದ ಭೂಕಂಪ ವಲಯಗಳ ನಕ್ಷೆಯನ್ನು ಮೊದಲು ಕೊಟ್ಟದ್ದು 1962ರಲ್ಲಿ. ಅದರಲ್ಲಿ ‘ಸೊನ್ನೆ’ ಎಂಬ ವಲಯವೇ ಇತ್ತು, ಅಂದರೆ ಭೂಕಂಪದ ಲೆಕ್ಕ ಹಾಕಬೇಕಿಲ್ಲದ ಜಾಗ. ದಕ್ಷಿಣ ಭಾರತದ ದೊಡ್ಡ ಪಾಲು ಅದರಲ್ಲೇ ಇತ್ತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ನಡುಗಿತು. ಧಾರವಾಡದಿಂದ ಅದು ಸುಮಾರು 250 ಕಿಲೋಮೀಟರ್. ತೀವ್ರತೆ 6.3ರ ಆಸುಪಾಸು, ಸತ್ತವರು ಇನ್ನೂರರ ಹತ್ತಿರ. ಬೆಳಗಾವಿ-ಧಾರವಾಡದ ಕಡೆಯ ಹಿರಿಯರು ನಿದ್ದೆಗಣ್ಣಲ್ಲಿ ಭಾಂಡೆಗಳು ಗಲಗಲ ಎಂದದ್ದನ್ನು ನೆನೆಸಿಕೊಳ್ಳುವುದು ಈ ಭೂಕಂಪದ್ದೇ. ಹೊಸ ಅಣೆಕಟ್ಟಿನಲ್ಲಿ ನೀರು ತುಂಬಿಸಿ ಐದಾರು ವರ್ಷವಷ್ಟೇ ಆಗಿತ್ತು. ನಿಂತ ನೀರಿನ ಭಾರ ಮತ್ತು ಬಿರುಕುಗಳಿಗೆ ಇಳಿದ ನೀರು ಭೂಕಂಪವನ್ನು ಕೆರಳಿಸಬಲ್ಲವು ಎಂಬುದಕ್ಕೆ ಕೊಯ್ನಾ ಇಂದಿಗೂ ಜಗತ್ತಿನ ಅತಿ ಪ್ರಸಿದ್ಧ ಉದಾಹರಣೆ. 1970ರಲ್ಲಿ ನಕ್ಷೆ ತಿದ್ದಿದರು. ಸೊನ್ನೆ ವಲಯವನ್ನು ಅಳಿಸಿ ಐದು ವಲಯ ಮಾಡಿದರು. ಕೊಯ್ನಾ ನಾಲ್ಕನೆಯದಕ್ಕೆ ಏರಿತು. ಕಿಲ್ಲಾರಿ ಒಂದನೆಯದರಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿ ಉಳಿಯಿತು.

1993 ಆಯಿತು. 2002ರಲ್ಲಿ ಮತ್ತೆ ನಕ್ಷೆ ತಿದ್ದಿದರು. ಈ ಬಾರಿ ಒಂದನೆಯ ವಲಯವನ್ನೇ ಅಳಿಸಿ ಎರಡರಲ್ಲಿ ಸೇರಿಸಿದರು. ಕಿಲ್ಲಾರಿ ಮೂರಕ್ಕೆ ಹೋಯಿತು. ಆ ನಕ್ಷೆಯಲ್ಲಿ ಧಾರವಾಡ, ಬೆಳಗಾವಿ, ವಿಜಾಪುರಗಳೂ ಮೂರನೆಯ ವಲಯದಲ್ಲಿವೆ. ಈ ಮಾತು ನಮ್ಮ ಊರುಗಳಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿದೆ? ನಕ್ಷೆಯ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಪಾಯ ಕಡಿಮೆ ಎಂಬ ಬಣ್ಣ ಒಂದೊಂದು ದುರಂತಕ್ಕೂ ಸ್ವಲ್ಪ ಸ್ವಲ್ಪ ಅಳಿಸಿಹೋಗಿದೆ. ಮುಂದೆ ಏನಾಗುತ್ತದೆ ಎಂದು ತೋರಿಸಲು ಮಾಡಿದ ನಕ್ಷೆ ಎರಡು ಸಲ ಹಿಂದೆ ಆದದ್ದರ ಹಿಂದೆ ಓಡಿದೆ.

ಕಿಲ್ಲಾರಿಯ ನೆಲ ಮುನ್ಸೂಚನೆ ಕೊಟ್ಟಿರಲಿಲ್ಲವೇ? ಇದು ಕಷ್ಟದ ಪ್ರಶ್ನೆ. 1992ರ ಮಳೆಗಾಲದಿಂದಲೇ ಕಿಲ್ಲಾರಿಯ ಸುತ್ತ ಸಣ್ಣ ಸಣ್ಣ ಕಂಪನಗಳು ಶುರುವಾಗಿದ್ದವು. ನೆಲದೊಳಗಿಂದ ಗುಡುಗಿದ ಸದ್ದು, ಪಾತ್ರೆಗಳ ಅಲುಗಾಟ. ಆ ವರ್ಷದ ಅಕ್ಟೋಬರ್ 18ರದು ಅವುಗಳಲ್ಲಿ ದೊಡ್ಡದು, ತೀವ್ರತೆ ನಾಲ್ಕರ ಆಸುಪಾಸು. ಜನ ಹೆದರಿದರು, ಊರನ್ನು ಬೇರೆಡೆಗೆ ಸಾಗಿಸಿರೆಂದು ಕೇಳಿಕೊಂಡರು. ಕಂಪನಗಳು ಕ್ರಮೇಣ ಕಡಿಮೆಯಾದವು. ಭಯವೂ ತಗ್ಗಿತು. ಮರುವರ್ಷ ಗಣಪತಿ ಹಬ್ಬ ಎಂದಿನಂತೆ ನಡೆಯಿತು.

ಹಾಗೆಂದು ಅಂದಿನ ಅಧಿಕಾರಿಗಳನ್ನೋ ವಿಜ್ಞಾನಿಗಳನ್ನೋ ಈಗ ಕಟಕಟೆಯಲ್ಲಿ ನಿಲ್ಲಿಸುವುದು ಸುಲಭ. ಆದರೆ ಇಂಥ ಸಣ್ಣ ಕಂಪನಗಳ ಸರಣಿ ಬಹುಪಾಲು ಸಲ ತಾನಾಗಿ ನಿಂತುಹೋಗುತ್ತದೆ, ದೊಡ್ಡದೇನೂ ಆಗುವುದಿಲ್ಲ. ಯಾವ ಸರಣಿ ಕೊನೆಗೆ ಕಿಲ್ಲಾರಿಯಾಗುತ್ತದೆ ಎಂದು ಮೊದಲೇ ಹೇಳುವ ವಿದ್ಯೆ ಇವತ್ತಿಗೂ ಯಾವ ದೇಶದಲ್ಲೂ ಇಲ್ಲ. 2021ರ ಅಕ್ಟೋಬರಿನಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹೀಗೇ ಆಯಿತು. ದಿನವೂ ಸದ್ದು, ದಿನವೂ ನಡುಕ. ಒಂದು ದಿನ ತೀವ್ರತೆ ನಾಲ್ಕು ಮುಟ್ಟಿತು. ಜನ ಮನೆಯ ಹೊರಗೆ ಮಲಗಿದರು, ಎಷ್ಟೋ ಕುಟುಂಬಗಳು ಬೀಗರ ಊರಿಗೆ ಹೊರಟುಹೋದವು. ವಿಜ್ಞಾನಿಗಳು ಬಂದು ಉಪಕರಣ ಇಟ್ಟರು, ಭಾರೀ ಮಳೆಯ ನೀರು ಬಿರುಕುಗಳಿಗೆ ಇಳಿದಾಗ ಇಂಥ ಕಂಪನಗಳಾಗುತ್ತವೆ ಎಂದು ಸಮಾಧಾನ ಹೇಳಿದರು. ಸರಣಿ ತಣ್ಣಗಾಯಿತು. ಗಡಿಕೇಶ್ವಾರ ಕಿಲ್ಲಾರಿಯಾಗಲಿಲ್ಲ. ಆದರೆ ಕಿಲ್ಲಾರಿಯಿಂದ ಕೂಗಳತೆಯಲ್ಲಿರುವ ಆ ಜಿಲ್ಲೆಯ ಅಜ್ಜಿಯೊಬ್ಬಳು ಮೊಮ್ಮಕ್ಕಳನ್ನು ಅಂಗಳದಲ್ಲಿ ಮಲಗಿಸಿದ್ದರೆ ಅವಳಿಗೆ ಹುಚ್ಚು ಭಯ ಎನ್ನಲು ಯಾರಿಗೂ ಬಾಯಿ ಬರಲಾರದು. ಮುಂದೇನಾಗುವುದೋ ಹೇಳಲಾಗದು ಎನ್ನುವವರು ಗೋಡೆಯನ್ನಾದರೂ ನೋಡಬಹುದು. ಸಣ್ಣ ಕಂಪನಗಳು ಬಂದ ಊರಿನಲ್ಲಿ ದೊಡ್ಡದು ಬರುತ್ತದೋ ಇಲ್ಲವೋ ಎಂಬ ಚರ್ಚೆಯ ನಡುವೆಯೇ, ಯಾವ ಮನೆಯ ಗೋಡೆ ಹೊಟ್ಟೆ ಬಿಟ್ಟಿದೆ, ಯಾವ ಮಾಳಿಗೆ ಅತಿ ಭಾರವಾಗಿದೆ ಎಂದು ಪಟ್ಟಿ ಮಾಡಲು ಯಾವ ಹೊಸ ವಿಜ್ಞಾನವೂ ಬೇಡ.

ದುರಂತದ ನಂತರ ಮಹಾರಾಷ್ಟ್ರ ಸರಕಾರ ವಿಶ್ವಬ್ಯಾಂಕಿನ ನೆರವಿನಿಂದ ಕೈಗೊಂಡ ಪುನರ್ವಸತಿ ಆ ಕಾಲಕ್ಕೆ ದೇಶದಲ್ಲೇ ಬಹಳ ದೊಡ್ಡದು. ಅದರಲ್ಲಿ ಎರಡು ದಾರಿಗಳಿದ್ದವು. ಹೆಚ್ಚು ಹಾಳಾದ ಐವತ್ತರಷ್ಟು ಹಳ್ಳಿಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಿದರು. ಉಳಿದ ನೂರಾರು ಹಳ್ಳಿಗಳಲ್ಲಿ ಇದ್ದ ಮನೆಗಳನ್ನೇ ದುರಸ್ತಿ ಮಾಡಿ ಬಲಪಡಿಸಲು ಹಣ, ಸಾಮಗ್ರಿ, ತರಬೇತಿ ಕೊಟ್ಟರು.

ಹೊಸ ಊರುಗಳು ಚೌಕಾಬಾರದ ಮನೆಯಂತೆ ನೇರ ಗೆರೆಗಳಲ್ಲಿ ಎದ್ದವು. ಅಗಲ ರಸ್ತೆ, ಬಿಡಿ ಬಿಡಿ ಮನೆ, ಸಿಮೆಂಟಿನ ಗೋಡೆ. ಜೀವಕ್ಕೆ ಭದ್ರ. ಆದರೆ ಹಳೆಯ ಓಣಿಯಲ್ಲಿ ಕಟ್ಟೆಯಿಂದ ಕಟ್ಟೆಗೆ ಮಾತಾಡಿಕೊಳ್ಳುತ್ತಿದ್ದವರು ದೂರ ದೂರವಾದರು. ದನ ಕಟ್ಟಲು, ಕಾಳು ಇಡಲು, ಬಾಣಂತಿಗೆ ಮರೆ ಮಾಡಲು ಜಾಗವಿಲ್ಲದ ಮನೆಗೆ ಜನ ಮೆಲ್ಲಗೆ ತಮ್ಮದೇ ಗೋಡೆ, ತಮ್ಮದೇ ತಗಡು ಸೇರಿಸಿಕೊಂಡರು. ಹೊಲ ಹಳೆಯ ಊರಿನ ಬದಿಯಲ್ಲಿ, ಮನೆ ಹೊಸ ಊರಿನಲ್ಲಿ.

ಎರಡನೆಯ ದಾರಿ ಅಷ್ಟು ಸುದ್ದಿ ಮಾಡಲಿಲ್ಲ. ಅದರ ತಂತ್ರ ಸರಳ. ಹಳೆಯ ಗೋಡೆಯಲ್ಲಿ ಅಲ್ಲಲ್ಲಿ ತೂತು ಕೊರೆದು, ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹಾಯುವಂತೆ ಸರಳು ಇಟ್ಟು ಕಾಂಕ್ರೀಟು ತುಂಬುವುದು. ಇಲ್ಲದ ಉದ್ದಗಲ್ಲಿನ ಕೆಲಸವನ್ನು ಅದು ಮಾಡುತ್ತದೆ. ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿ ಹಗುರ ಮಾಡುವುದು. ಗೋಡೆಯ ತಲೆಯ ಸುತ್ತ, ಡಾಬು ಕಟ್ಟಿದಂತೆ, ಕಬ್ಬಿಣವಿಟ್ಟ ಕಾಂಕ್ರೀಟಿನ ಪಟ್ಟಿ ಕಟ್ಟುವುದು. ಕಂಬ-ತೊಲೆ ಸೇರುವಲ್ಲಿ ಓರೆ ಆಧಾರ ಕೊಡುವುದು. ಇಂಥ ಕಡಿಮೆ ಬಲದ ಕಲ್ಲು-ಮಣ್ಣಿನ ಮನೆಗಳನ್ನು ಭೂಕಂಪಕ್ಕೆ ತಕ್ಕಂತೆ ಹೇಗೆ ಕಟ್ಟಬೇಕೆಂಬ ಭಾರತೀಯ ಮಾನಕಗಳು ಹೊರಬಂದದ್ದೂ 1993ರಲ್ಲೇ ಎಂಬುದು ವಿಧಿಯ ವ್ಯಂಗ್ಯ.

ಆದರೂ ಬಹಳ ಜನ ಕಲ್ಲಿನ ಮನೆಯನ್ನು ನಂಬಲು ಸಿದ್ಧರಿರಲಿಲ್ಲ. ಮಕ್ಕಳನ್ನು ಮುಚ್ಚಿದ ಕಲ್ಲನ್ನು ಮತ್ತೆ ಗೋಡೆಗೆ ಏರಿಸಲು ಯಾವ ತಾಯಿಗೆ ಮನಸ್ಸು ಬಂದೀತು? ಎಷ್ಟೋ ಕುಟುಂಬಗಳು ಚೆನ್ನಾಗಿ ನಿಂತಿದ್ದ ಮನೆ ಬಿಟ್ಟು ಅಂಗಳದ ತಗಡಿನ ಶೆಡ್ಡಿನಲ್ಲೇ ವರ್ಷಗಟ್ಟಲೆ ಉಳಿದವು. ಕಲ್ಲು ಕೆಟ್ಟದ್ದು, ಸಿಮೆಂಟು ಒಳ್ಳೆಯದು ಎಂಬ ತೀರ್ಮಾನ ದಖ್ಖನ್ನಿನ ತುಂಬ ಹರಡಿತು.

ಆ ತೀರ್ಮಾನವನ್ನು ಧಾರವಾಡ ತನ್ನ ಕಣ್ಣೆದುರೇ ಪರೀಕ್ಷೆಗೆ ಒಡ್ಡಬೇಕಾಯಿತು. 2019ರ ಮಾರ್ಚ್ 19ರ ಮಧ್ಯಾಹ್ನ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಾಂಕ್ರೀಟ್ ಕಟ್ಟಡ ಕುಸಿದು 19 ಜನ ಸತ್ತರು. ನೆಲ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಮೂರನೆಯ ವಲಯದ ಊರಿನಲ್ಲಿ ನಿಂತ ಕಾಂಕ್ರೀಟು ಕಟ್ಟಡ ಬರೀ ತನ್ನ ಭಾರಕ್ಕೇ ಬೀಳಬಹುದಾದರೆ, ಅಲುಗಿದ ದಿನ ಅಂಥವುಗಳ ಗತಿ ಏನು? ಕಿಲ್ಲಾರಿಯಲ್ಲಿ ಸೋತದ್ದು ಕಲ್ಲಲ್ಲ, ಕಲ್ಲನ್ನು ಕಲ್ಲಿಗೆ ಕಟ್ಟದ ಕೆಲಸ. ಕಾಂಕ್ರೀಟಿಗೂ ಅದೇ ಮಾತು ಸಲ್ಲುತ್ತದೆ. ಕಂಬದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗುಗಳನ್ನು ಲೆಕ್ಕಕ್ಕೆ ಸರಿಯಾಗಿ ಹಾಕದಿದ್ದರೆ, ಕೆಳಗಿನ ಅಂತಸ್ತನ್ನು ಅಂಗಡಿಗಾಗಿ, ಗಾಡಿ ನಿಲ್ಲಿಸಲೆಂದು ಬರೀ ಕಂಬಗಳ ಮೇಲೆ ನಿಲ್ಲಿಸಿದರೆ, ಅದು ಹೊಸ ಹೆಸರಿನ ಹಳೆಯ ಗೋಡೆಯೇ.

ಹಳ್ಳಿಗಳ ಮಾತೇ ಬೇರೆ. 2019ರ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಸಿದವು. ಪ್ರತಿ ದೊಡ್ಡ ಮಳೆಗೂ ಗೋಡೆ ಬಿದ್ದು ಸತ್ತವರ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತದೆ. ಬಿದ್ದ ಮನೆಗೆ ಪರಿಹಾರ ಉಂಟು, ಬೀಳದಂತೆ ಮಾಡಿಕೊಳ್ಳಲು ನೆರವು ಸಿಗುವುದು ಅಪರೂಪ. ಮಳೆಗೆ ಬೀಳುವ ಗೋಡೆಗೂ ಭೂಕಂಪಕ್ಕೆ ಬೀಳುವ ಗೋಡೆಗೂ ರೋಗ ಒಂದೇ; ಒಂದಕ್ಕೆ ಮಾಡಿದ ಔಷಧ ಇನ್ನೊಂದಕ್ಕೂ ಆಗುತ್ತದೆ. ಹಾಗಾಗಿ ಸಾವಿರ ವರ್ಷಕ್ಕೊಮ್ಮೆ ಬರುವ ಭೂಕಂಪಕ್ಕಾಗಿ ಬಡವನೇಕೆ ಈಗ ಖರ್ಚು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರವಿದೆ. ಅವನು ಖರ್ಚು ಮಾಡುವುದು ಮುಂದಿನ ಆಷಾಢದ ಮಳೆಗಾಗಿ. ಭೂಕಂಪದ ರಕ್ಷಣೆ ಅದರ ಜೊತೆಗೆ ಸಿಗುತ್ತದೆ.

ಉಪ್ಪಿನಬೆಟಗೇರಿಯಲ್ಲಾಗಲಿ, ಅದರ ನೆರೆಹೊರೆಯ ಊರುಗಳಲ್ಲಾಗಲಿ ನಾಳೆ ಭೂಕಂಪವಾಗುತ್ತದೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಹಾಗೆ ಹೇಳುವವರು ಸಿಕ್ಕರೆ ನಂಬಬೇಡಿ. ಆಗುವುದೇ ಇಲ್ಲ ಎನ್ನುವವರನ್ನೂ ಅಷ್ಟೇ ನಂಬಬೇಡಿ. ಕಿಲ್ಲಾರಿಯವರಿಗೆ ನಕ್ಷೆ ಹೆಚ್ಚುಕಡಿಮೆ ಅದನ್ನೇ ಹೇಳಿತ್ತು. ಈ ಮಳೆಗಾಲಕ್ಕೆ ಮಾಳಿಗೆಗೆ ಮಣ್ಣು ಹಾಕಲು ಏರುವವರು, ಹೊಸ ಬುಟ್ಟಿ ಸುರಿಯುವ ಮೊದಲು ಹಳೆಯದನ್ನು ಒಂದಿಷ್ಟು ಇಳಿಸಲಿ. ಗೋಡೆ ಹೊಸದಾಗಿ ಎತ್ತುವವರು ಗೌಂಡಿಯನ್ನು ಕೇಳಲಿ: ಗೋಡೆಯ ಆ ಮುಖದಿಂದ ಈ ಮುಖಕ್ಕೆ ಮುಟ್ಟುವ ಕಲ್ಲು ಎಷ್ಟು ಅಡಿಗೊಂದು ಇಡ್ತೀಯಪ್ಪಾ?